ರೋಮಿನಿಂದ ಬಂದ ಸವತಿ

ಸವತಿಯನ್ನು ಕಂಡು ಅತ್ತವರಿದ್ದಾರೆ, ಶಾಪ ಹಾಕಿದವರಿದ್ದಾರೆ, ಹಣೆಬರಹ ಎಂದು ಕೈಮುಗಿದು ಸುಮ್ಮನಾದವರೂ ಇದ್ದಾರೆ. ಆದರೆ ಸವತಿಯನ್ನು ಅಂಗೈಯಲ್ಲಿ ಬೋರಲು ಹಾಕಿ, ಬೆನ್ನ ಮೇಲೆ ಏನು ಬರೆದಿದೆ ಎಂದು ನೋಡಿದವಳು ಹಳಿಯಾಳದ ಅರಿವೆ ವ್ಯಾಪಾರಿ ನಾಗಲಿಂಗಪ್ಪನ ಮಗಳು ನೀಲಕ್ಕ ಒಬ್ಬಳೇ.

ಅದೂ ನಿಶ್ಚಿತಾರ್ಥದ ದಿನ, ಎರಡೂ ಮನೆಯವರು ಜಮಖಾನೆಯ ತುಂಬ ಕುಳಿತಿದ್ದಾಗ!

ಈ ಸವತಿ ಬದುಕಿದ್ದವಳಲ್ಲ. ವರ ಚನಬಸಪ್ಪನ ಮೊದಲ ಹೆಂಡತಿ ಶಂಕ್ರೆವ್ವ ಹೆರಿಗೆಯಲ್ಲಿ ತೀರಿಕೊಂಡು ವರ್ಷಗಳಾಗಿದ್ದವು. ಎರಡನೆಯವಳಾಗಿ ಬರುವ ಹುಡುಗಿ ಸತ್ತವಳ ಮುಖ ಮೂಡಿಸಿದ ಬಂಗಾರದ ಬಿಲ್ಲೆಯನ್ನು ತಾಳಿಯ ಜೊತೆ ಕೊರಳಿಗೆ ಕಟ್ಟಿಕೊಳ್ಳಬೇಕು. ಇಲ್ಲದಿದ್ದರೆ ಸತ್ತವಳು ಮುನಿಯುತ್ತಾಳೆ, ಹೊಸಬಳ ಮಡಿಲು ತುಂಬಲು ಬಿಡುವುದಿಲ್ಲ ಎಂದು ಆ ಮನೆತನದ ನಂಬಿಕೆ. ಆ ಬಿಲ್ಲೆಗೆ ಸವತಿ ಟಾಕು ಎನ್ನುತ್ತಾರೆ.

ಚನಬಸಪ್ಪನ ತಾಯಿ ಗುರುಸಿದ್ದವ್ವ ಅದನ್ನು ತಮ್ಮೂರು ಸಾಂಬ್ರಾಣಿಯಿಂದ ರೇಷ್ಮೆಯ ತುಂಡಿನಲ್ಲಿ ಸುತ್ತಿ ತಂದಿದ್ದಳು. ಕಣ್ಣಿಗೊತ್ತಿಕೊಂಡು ನೀಲಕ್ಕನ ಕೈಗಿಟ್ಟಳು.

"ನೋಡವಾ, ನಿಮ್ಮಕ್ಕ. ಆ ನೆತ್ತಿ ಮ್ಯಾಲಿನ ತುರುಬ ನೋಡು. ಹೊಲಕ್ಕ ಹೊಂಟ್ರ ಹಿಂಗ ಎತ್ತಿ ಕಟ್ಟತಿದ್ಲು ನನ್ನ ಶಂಕ್ರಿ. ಆಕಿ ಒಪ್ಪದ ಹೊರತು ನಮ್ಮ ಮನಿಗೆ ಎರಡನೇ ಹೆಣ್ಣ ಬರಾಂಗಿಲ್ಲ, ತಿಳೀತ?"

ನೀಲಕ್ಕ ತಲೆಯಾಡಿಸಿ ನೋಡಿದಳು. ತುರುಬೇನೋ ನಿಜ. ಹೆಣೆದ ಜಡೆಯನ್ನು ಮುತ್ತಿನ ಎಳೆಗಳಿಂದ ಬಿಗಿದು ನೆತ್ತಿಯ ಮೇಲೆ ಸುರುಳಿ ಸುತ್ತಿದ್ದರು. ಆದರೆ ಅಂಚಿನಲ್ಲಿ ಸವೆದ ಇಂಗ್ಲಿಷ್ ಅಕ್ಷರಗಳಿದ್ದವು. ಡಿ, ಐ, ವ್ಹಿ, ಎ.  ತನಗೇ ಅರಿವಿಲ್ಲದಂತೆ ಬಿಲ್ಲೆಯನ್ನು ತಿರುವಿದಳು. ಬೆನ್ನಿನಲ್ಲಿ ಪಂಜು ಹಿಡಿದು ನಿಂತ ಹೆಂಗಸು.

"ಏ ತಂಗೀ! ಬೆನ್ನ ನೋಡಬಾರದು!" ಗುರುಸಿದ್ದವ್ವ ಬಿಲ್ಲೆಯನ್ನು ಕಸಿದುಕೊಂಡಳು.

ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. "ಬಿ.ಎ. ಕಲಿತಾಳಲ್ಲ, ಸವತಿಗೂ ಪರೀಕ್ಷಾ ಮಾಡ್ತಾಳ" ಎಂದು ಯಾರೋ ಅಂದರು. ನಗು ಎದ್ದಿತು. ನೀಲಕ್ಕ ನಗಲಿಲ್ಲ. ತಲೆಯೆತ್ತಿ ಚನಬಸಪ್ಪನ ಕಡೆ ನೋಡಿದಳು. ಅವನು ಅವಳನ್ನು ನೋಡುತ್ತಿರಲಿಲ್ಲ. ತಾಯಿಯ ಕೈಯಲ್ಲಿದ್ದ ಬಿಲ್ಲೆಯನ್ನೇ ನೋಡುತ್ತಿದ್ದ, ಕಣ್ಣು ತುಂಬಿ ಬಂದಿತ್ತು. ಅದು ಅವಳಿಗೆ ಮುಳ್ಳಿನಂತೆ ನಾಟಿತು.

ಅವರಿಬ್ಬರ ಪರಿಚಯವಾದದ್ದೇ ಹಳೇ ನಾಣ್ಯಗಳ ದೆಸೆಯಿಂದ. ಸಂತೆಯ ದಿನ ಬಂದೇನವಾಜನ ತಾಮ್ರ ಹಿತ್ತಾಳೆ ಗುಜರಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಕರಗಿಸಲು ಹೋಗಲಿರುವ ದುಡ್ಡುಗಳನ್ನು ಭೂತಗನ್ನಡಿಯಲ್ಲಿ ನೋಡುವ ಹುಡುಗಿಯನ್ನು ಹಳಿಯಾಳವೆಲ್ಲ ಬಲ್ಲದು. ಹೆಣ್ಣುಮಕ್ಕಳ ಶಾಲೆಯ ಟೀಚರು. ಪಗಾರದಲ್ಲಿ ಸೀರೆ ಕೊಳ್ಳುವುದು ಬಿಟ್ಟು ಕಿಲುಬು ಕೊಳ್ಳುತ್ತಾಳೆ ಎಂದು ತಾಯಿ ಕಾಶೆವ್ವನಿಗೆ ತಲೆಬಿಸಿ.

ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಕೆಲಸದಲ್ಲಿದ್ದ ಚನಬಸಪ್ಪ ಒಂದು ಸಂತೆಗೆ ಕಬ್ಬಿಣದ ಸರಪಳಿ ಕೊಳ್ಳಲು ಬಂದು ಅವಳ ಮುಂದೆಯೇ ನಿಂತಿದ್ದ.

"ಸರೀರಿ, ಬೆಳಕಿಗೆ ಅಡ್ಡ ನಿಂತೀರಿ."

ಅವನು ಸರಿದ. ಆದರೆ ಹೊರಗೆ ಹೋಗಲಿಲ್ಲ, ಇನ್ನೊಂದು ಬದಿಗೆ ಹೋಗಿ ನಿಂತ. ಮುಂದಿನ ಸಂತೆಗೆ ಸರಪಳಿ ಬೇಕಿರಲಿಲ್ಲ, ಆದರೂ ಬಂದ.

"ಈ ವಾರ ಯಾವ ರಾಜ ಸಿಕ್ಕಾನ್ರಿ?"

"ರಾಜ ಸಿಕ್ಕಿಲ್ರಿ. ಟೀಪೂ ಸುಲ್ತಾನನ ಆನಿ ಸಿಕ್ಕೈತಿ" ಎಂದು ಅವಳು ಆನೆಯ ಚಿತ್ರದ ತಾಮ್ರದ ಕಾಸನ್ನು ತೋರಿಸಿದ್ದಳು. ಅವನು ಅದನ್ನು ನೋಡುವ ನೆವದಲ್ಲಿ ಅವಳ ಮಸಿ ಹತ್ತಿದ ಬೆರಳುಗಳನ್ನೇ ನೋಡಿದ್ದ. ಅದು ಅವಳಿಗೆ ಗೊತ್ತಾಗಿತ್ತು, ಅವಳಿಗೆ ಗೊತ್ತಾದದ್ದು ಅವನಿಗೂ ಗೊತ್ತಾಗಿತ್ತು. ಹೀಗೇ ಸಂತೆಯ ಮೇಲೆ ಸಂತೆ ಕಳೆದು, ಕೊನೆಗೆ ಅವನೇ ನಾಗಲಿಂಗಪ್ಪನ ಅಂಗಡಿಯ ಮೆಟ್ಟಿಲೇರಿ ಹೆಣ್ಣು ಕೇಳಿದ್ದ. ಎರಡನೇ ಸಂಬಂಧ ಎಂದು ಕಾಶೆವ್ವ ಮೂಗು ಮುರಿದರೂ ನೀಲಕ್ಕ ಹಟ ಹಿಡಿದು ಒಪ್ಪಿಸಿದ್ದಳು.

ಅವಳು ಅವನಿಗೆ ತನ್ನ ದೊಡ್ಡ ಆಸೆಯನ್ನೂ ಹೇಳಿದ್ದಳು. ಧಾರವಾಡದ ಕಾಲೇಜಿನಲ್ಲಿ ರೋಮನ್ ನಾಣ್ಯಗಳ ಪ್ಲಾಸ್ಟರ್ ಅಚ್ಚುಗಳಿದ್ದವು. ಅವಳು ಒಂದೊಂದರ ಮುಖ, ಕೂದಲು, ಅಕ್ಷರ ಎಲ್ಲವನ್ನೂ ಬಾಯಿಪಾಠ ಮಾಡಿದ್ದಳು. ಮೆಣಸು ಕೊಳ್ಳಲು ಹಡಗಿನಲ್ಲಿ ಬಂದ ಆ ದೇಶದ ಬಂಗಾರ ನಮ್ಮ ಘಟ್ಟವನ್ನೂ ಹತ್ತಿರಬೇಕು, ಜೀವಮಾನದಲ್ಲಿ ಒಂದಾದರೂ ಖರೇ ನಾಣ್ಯವನ್ನು ಕೈಯಲ್ಲಿ ಹಿಡಿಯಬೇಕು ಎಂದಿದ್ದಳು.

ಹಿಡಿದಳು. ಎಂಥ ಹೊತ್ತಿನಲ್ಲಿ ಹಿಡಿದಳು, ಶಿವನೇ!

ಆ ಬಿಲ್ಲೆಯ ಮೇಲಿದ್ದವಳು ಶಂಕ್ರೆವ್ವನಲ್ಲ, ಫೌಸ್ಟಿನಾ. ಸಾವಿರದ ಎಂಟುನೂರು ವರ್ಷಗಳ ಹಿಂದೆ ತೀರಿಹೋದ ರೋಮಿನ ರಾಣಿ. ನೀಲಕ್ಕನಿಗೆ ಇದರಲ್ಲಿ ಎಳ್ಳಷ್ಟೂ ಸಂಶಯವಿರಲಿಲ್ಲ. ಹೇಳಿದರೆ ಮದುವೆ ಮುರಿಯುತ್ತದೆ, ಅದರಲ್ಲೂ ಸಂಶಯವಿರಲಿಲ್ಲ. ಅದಕ್ಕಿಂತ ಅವಳನ್ನು ಸುಟ್ಟದ್ದು ಅವನ ಕಣ್ಣೀರು. ಇವನು ಆ ಬಂಗಾರದಲ್ಲಿ ಹೆಂಡತಿಯನ್ನು ಕಂಡು ಅಳುತ್ತಿದ್ದಾನೆ. ನಾನು ಹೋಗಿ, ಅದು ನಿನ್ನ ಹೆಂಡತಿಯಲ್ಲ ಎಂದರೆ ಹೊಟ್ಟೆಕಿಚ್ಚಿನವಳು ಅನ್ನುವುದಿಲ್ಲವೇ? ಅಂದರೂ ತಪ್ಪೇನು, ಹೊಟ್ಟೆಕಿಚ್ಚು ಇದ್ದದ್ದೇ. ಸತ್ತವಳ ಮೇಲೆ ಇಷ್ಟು ಹೊಟ್ಟೆಕಿಚ್ಚು ಪಡುವಷ್ಟು ಕೆಟ್ಟವಳಾದೆನೇ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ನಿಶ್ಚಯವಾದ ಮೇಲೆ ಹುಡುಗ ಹುಡುಗಿ ಭೇಟಿಯಾದರೆ ಊರ ಬಾಯಿಗೆ ಬೀಳುವುದೇ. ಆದರೂ ಸಂತೆಯ ದಿನ ನೀಲಕ್ಕ ಬಂದೇನವಾಜನ ಅಂಗಡಿಗೆ ಹೋದಳು. ಹೋದರೆ, ಚನಬಸಪ್ಪ ಆಗಲೇ ಅಲ್ಲಿ ನಿಂತಿದ್ದ. ಮುಖ ಬಾಡಿತ್ತು, ಗಡ್ಡ ಬೆಳೆದಿತ್ತು.

ಬಂದೇನವಾಜ ಇಬ್ಬರನ್ನೂ ನೋಡಿದ. "ಯಾ ಅಲ್ಲಾ" ಎಂದು ತನ್ನಷ್ಟಕ್ಕೆ ಅಂದುಕೊಂಡು, ಬೀದಿಯ ಕಡೆ ಮುಖ ಮಾಡಿ ಕುಳಿತು ಒಂದು ತಗ್ಗುಬಿದ್ದ ಹಂಡೆಯನ್ನು ಸುತ್ತಿಗೆಯಿಂದ ಢಣಢಣ ಬಡಿಯತೊಡಗಿದ. ಇನ್ನು ಒಳಗಿನ ಮಾತು ಹೊರಗೆ ಕೇಳುವ ಹೆದರಿಕೆ ಇರಲಿಲ್ಲ.

"ಅದು ಶಂಕ್ರೆವ್ವನ ಮಾರಿ ಅಲ್ರಿ" ಎಂದಳು ನೀಲಕ್ಕ.  ಅವನು ಸಿಟ್ಟಾಗುತ್ತಾನೆ ಎಂದು ಕಾದಳು.

ಅವನು ಕಣ್ಣು ಮುಚ್ಚಿದ. "ಗೊತ್ತೈತಿ."

"ಏನಂದ್ರಿ?"

"ಅದನ್ನ ಇದ ಅಂಗಡ್ಯಾಗ ಕೊಂಡೇನಿ. ಗೋವಾ ಕಡೆಯಿಂದ ಬಂದ ಯಾರೋ ಮಾರಿದ್ರಂತ. ಕೊಳ್ಳಿಗೆ ಹಾಕೂ ಕೊಂಡಿ ಮೊದಲ ಇತ್ತು, ಹೆಂಗಸಿನ ಮಾರಿ ಇತ್ತು. ನಮ್ಮವ್ವಗ ಅಷ್ಟ ಸಾಕಾತು."

ನೀಲಕ್ಕ ಇನ್ನೊಂದು ಹೆಜ್ಜೆ ಹತ್ತಿರ ಬಂದಳು. "ಶಂಕ್ರೆವ್ವನ ಟಾಕ ಯಾಕ ಮಾಡಿಸಲಿಲ್ಲ ಮತ್ತ? ಬಂಗಾರದ ಕಾಯ್ದೆಕ್ಕ ಹೆದರಿದ್ರೇನು?"

ಸರಕಾರದ ಬಂಗಾರದ ಕಾಯ್ದೆ ಬಂದು ವರ್ಷ ಕಳೆದಿತ್ತು. ಅಪರಂಜಿಯಲ್ಲಿ ಹೊಸ ಒಡವೆ ಮಾಡಬಾರದು ಎಂದು ಹುಕುಂ. ಸಾಂಬ್ರಾಣಿಯ ಅಕ್ಕಸಾಲಿ ಗೂಳಪ್ಪ ಪತ್ತಾರ ಕುಲುಮೆ ಆರಿಸಿ ಕಿರಾಣಿ ಅಂಗಡಿ ಇಟ್ಟಿದ್ದ.

"ಕಾಯ್ದೆ ಅನ್ನೂದು ಅವ್ವಗ ಹೇಳಿದ ನೆವ. ಗೂಳಪ್ಪ ಮಾಡಾಂಗಿಲ್ಲ, ದೂರದಾಗ ಕದ್ದು ಮಾಡಿಸ್ಕೊಂಡ ಬಂದೇನಿ ಅಂದೆ" ಎಂದ ಚನಬಸಪ್ಪ. "ಆಕಿನ ಬ್ಯಾಡ ಅಂದಿದ್ಲು. ಸಾಯೂ ಮುಂದ ನನ್ನ ಕೈ ಹಿಡದು, ನನ್ನ ಯಾರ ಕೊಳ್ಳಾಗೂ ಕಟ್ಟಬ್ಯಾಡ್ರಿ ಅಂದ್ಲು. ನಾ ಹೂಂ ಅಂದೆ. ಇದನ್ನ ಅವ್ವಗ ಹೇಳಿದ್ರ ನಂಬತಾಳೇನು? ಎರಡನೇದಾಕಿ ಆಸೆಕ್ಕ ಮಗ ಸತ್ತಾಕಿ ಹೆಸರಲೆ ಸುಳ್ಳ ಹೇಳತಾನ ಅಂತಾಳ. ಆಕಿಗೂ ಮಾತ ಕೊಟ್ಟಿದ್ದೆ, ಅವ್ವನ ಜೀವಾನೂ ನೋಯಬಾರದು. ಅದಕ್ಕ ಹಿಂಗ ಮಾಡಿದೆ."

ಸುತ್ತಿಗೆ ಢಣಢಣ ಬಡಿಯುತ್ತಲೇ ಇತ್ತು. ನೀಲಕ್ಕ ಕೇಳಬಾರದು ಎಂದುಕೊಂಡದ್ದನ್ನು ಕೇಳಿಯೇಬಿಟ್ಟಳು.

"ಮತ್ತ ಅವತ್ತ ಅತ್ತಿದ್ದು ಯಾಕ?"

"ನೀ ಅದನ್ನ ಬೋರಲ ಹಾಕಿದೆಲ್ಲ! ಗುರುತ ಹಿಡದ್ಲು, ಇನ್ನ ಹೇಳೇಬಿಡ್ತಾಳ ಅನಿಸ್ತು. ಕೈಗೆ ಬಂದಾಕಿ ಹೋದ್ಲು ಅಂತ ಕಣ್ಣಾಗ ನೀರ ಬಂತು."

ನೀ ಅಂದಿದ್ದ. ಇಷ್ಟು ದಿನದ ಬರ್ರಿ ಹೋಗ್ರಿಯೆಲ್ಲ ಎಲ್ಲಿ ಹೋಯಿತೋ! ಆ ಕಣ್ಣೀರು ತನಗಾಗಿ ಬಂದದ್ದು ಎಂದು ತಿಳಿದದ್ದೇ ನೀಲಕ್ಕನ ಕೆನ್ನೆ ಬಿಸಿಯಾಯಿತು. ಸಂತೋಷಕ್ಕೆ ಕುಣಿಯಬೇಕೆನಿಸಿತು, ಅದೇ ಉಸಿರಿಗೆ ಅವನಿಗೆ ಎರಡು ಬಾರಿಸಬೇಕೆಂದೂ ಅನಿಸಿತು.

"ನನಗ ಮೊದಲ ಹೇಳಬೇಕಿತ್ತಲ್ಲ!"

"ಹೇಳಿದ್ರ ನೀ ಒಪ್ತಿದ್ದಿಲ್ಲ."

"ಹೇಳದಿದ್ರ ಒಪ್ತೇನಿ ಅಂದ್ಕೊಂಡ್ರಿ? ಊರಾಗಿನ ಹುಡುಗ್ಯಾರನ್ನೆಲ್ಲ ಬಿಟ್ಟು ನಾಣ್ಯದ ಹುಚ್ಚಿನ್ನ ಹುಡುಕಿ, ಆಕಿ ಕೊಳ್ಳಿಗೆ ರೋಮನ್ ನಾಣ್ಯಾನ ಕಟ್ಟಾಕ ಹೊಂಟೀರಿ. ನಿಮಗ ಏನನ್ನಲಿ?"

ಅವನ ಬಾಯಿ ತೆರೆದದ್ದು ತೆರೆದೇ ಉಳಿಯಿತು. "ರೋಮನ್ನಾ? ನೀ ಹುಡುಕತಿದ್ದಿಯಲ್ಲ, ಅದ?"

"ಅದ."

ಅವನಿಗೆ ನಗು ಬಂತು, ನಗುತ್ತಲೇ ಮುಖ ಮತ್ತೆ ಬಾಡಿತು. "ನೀಲಾ, ಒಂದ ಮಾತ ಕೇಳತೇನಿ. ಮದಿವಿ ದಿನ ಅಕ್ಕಿಕಾಳ ಹಾಕೂ ಮುಂಚೆ ನಮ್ಮವ್ವ ಅದನ್ನ ನಿನ್ನ ಕೈಯಾಗ ಕೊಡ್ತಾಳ. ಹೆಸರ ಹಿಡದು, ಶಂಕ್ರೆವ್ವಕ್ಕಾ, ನಿನ್ನ ಮನಿಗೆ ಬರ್ತೇನಿ, ಒಪ್ಪಿಗಿ ಕೊಡು ಅನ್ನಬೇಕು. ಅದು ನಮ್ಮ ಮನಿ ಪದ್ಧತಿ. ಅಷ್ಟ ಅಂದಬಿಡು. ಇಲ್ಲಂದ್ರ ನೀ ನನಗ ಸಿಗೂದಿಲ್ಲ."

ಗುರುತು ಹಿಡಿದ ನಾಣ್ಯವನ್ನು ಮತ್ತೊಬ್ಬರ ಹೆಸರಿನಿಂದ ಕರೆಯುವುದು! ಅದೊಂದನ್ನು ಅವಳು ಎಂದೂ ಮಾಡಿದವಳಲ್ಲ. ಗುರುತು ಸಿಗದಿದ್ದರೆ ಸಿಗಲಿಲ್ಲ ಎನ್ನುತ್ತಿದ್ದಳು, ಅಷ್ಟೇ. ಆದರೆ ಎದುರಿಗೆ ನಿಂತವನ ಮುಖ ನೋಡಿದಳು. ಆ ಮುಖವಿಲ್ಲದೆ ಮುಂದಿನ ದಿನಗಳನ್ನು ನೆನೆಸಿಕೊಳ್ಳಲು ಆಗಲಿಲ್ಲ.

"ಅಂತೇನಿ" ಎಂದಳು.

ಮದುವೆ ಸಾಂಬ್ರಾಣಿಯಲ್ಲಿ, ವರನ ಮನೆಯಲ್ಲಿ. ಹಂದರದ ತುಂಬ ಜನ. ಮುಹೂರ್ತಕ್ಕೆ ಮುಂಚೆ ಗುರುಸಿದ್ದವ್ವ ಸೊಸೆಯಾಗುವವಳನ್ನು ಕೈಹಿಡಿದು ದೇವರ ಜಗಲಿಯ ಮುಂದೆ ಕೂರಿಸಿದಳು. ಬಾಸಿಂಗ ಕಟ್ಟಿಕೊಂಡ ಚನಬಸಪ್ಪ ಬಾಗಿಲಲ್ಲಿ ನಿಂತಿದ್ದ. ಕಾಶೆವ್ವ, ನಾಗಲಿಂಗಪ್ಪ, ಮದುವೆ ಮಾಡಿಸಲು ಬಂದ ಅಡಿವೆಯ್ಯನವರು ಅವನ ಹಿಂದೆ ನಿಂತರು.

"ಲಗೂ ಮಾಡವಾ, ಹೊತ್ತ ಮೀರತೈತಿ" ಎಂದರು ಅಡಿವೆಯ್ಯನವರು.

ಗುರುಸಿದ್ದವ್ವನಿಗೆ ಅವಸರವಿರಲಿಲ್ಲ. ಬಿಲ್ಲೆಯನ್ನು ಹಾಲಿನಲ್ಲಿ ತೊಳೆದಳು, ಒರೆಸಿದಳು, ತುಟಿಯ ಜಾಗಕ್ಕೆ ತುಪ್ಪ ಬೆಲ್ಲ ಮುಟ್ಟಿಸಿದಳು. ಹಸುಗೂಸಿಗೆ ಉಣಿಸುವಂತೆ ಉಣಿಸಿದಳು.

"ಸ್ವಾಮಾರ ಸ್ವಾಮಾರ ಹಿಂಗ ಉಣಸ್ತೇನಿ" ಎಂದು ನೀಲಕ್ಕನಿಗೆ ಮೆಲ್ಲಗೆ ಹೇಳಿದಳು. "ಮನ್ಯಾಗಿನ ಸುದ್ದಿ ಎಲ್ಲಾ ಹೇಳತೇನಿ. ಆಕಿ ಮಾತಾಡವಲ್ಲಳು. ಎಷ್ಟ ಕರದ್ರೂ ಓ ಅನ್ನವಲ್ಲಳು. ನನ್ನ ಮ್ಯಾಲೆ ಸಿಟ್ಟೋ ಏನೋ. ನೀ ಕಲಿತಾಕಿ, ನೀ ಕರದ್ರರ ಅಂತಾಳೇನು ನೋಡೂಣು. ಹೆಸರ ಹಿಡದ ಕರಿಯವಾ."

ಬಿಲ್ಲೆ ನೀಲಕ್ಕನ ಅಂಗೈಗೆ ಬಂತು. ತುಪ್ಪದ ಜಿಡ್ಡಿತ್ತು. ಅವಳು ಬಾಯಿ ತೆರೆದಳು. ಎದುರಿಗೆ ಆ ಮುದುಕಿ ಕಿವಿಯನ್ನು ಮುಂದೆ ಮಾಡಿ, ಉಸಿರು ಹಿಡಿದು ಕುಳಿತಿದ್ದಳು. ಇನ್ನೇನು ಶಂಕ್ರೆವ್ವ ಓಗೊಡುತ್ತಾಳೆ ಎಂದು ಕಾಯುತ್ತಿದ್ದಳು. ಬಾಗಿಲಲ್ಲಿ ಚನಬಸಪ್ಪನ ಕಣ್ಣು ಅವಳನ್ನು ಬೇಡುತ್ತಿತ್ತು.

"ಶಂ..." ಎಂದಳು ನೀಲಕ್ಕ. ಮುಂದೆ ನಾಲಿಗೆ ಹೊರಳಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದಳು. ಆಗಲಿಲ್ಲ. ಈ ಹೆಂಗಸು ಸಾಯುವ ತನಕ ಯಾರೋ ರಾಣಿಯ ಮುಂದೆ ಕುಳಿತು, ಸಿಟ್ಟ್ಯಾಕವಾ ಶಂಕ್ರೀ ಎಂದು ಕೇಳುತ್ತಲೇ ಇರುತ್ತಾಳೆ. ಅದನ್ನು ನೋಡುತ್ತ ನಾನು ಈ ಮನೆಯಲ್ಲಿ ಹೇಗೆ ಸಂಸಾರ ಮಾಡಲಿ?

"ಅತ್ತೀ" ಎಂದಳು.  "ಇಕಿ ಶಂಕ್ರೆವ್ವ ಅಲ್ರಿ."

ಕಾಶೆವ್ವ ಹಣೆ ಹಣೆ ಬಡಿದುಕೊಂಡಳು. "ಅಯ್ಯ, ನಿನ್ನ ಬಾಯಿಗೆ ಬೆಂಕಿ ಹಾಕ!"

ಗುರುಸಿದ್ದವ್ವನ ಮುಖ ಬಿಳಚಿಕೊಂಡಿತು. "ಏನಂದಿ?"

"ಇದು ಹಳೇ ನಾಣ್ಯ ರಿ. ಸಮುದ್ರದ ಆಚೆ ರೋಮ್ ಅಂತ ಒಂದ ದೇಶ ಇತ್ತು, ಅಲ್ಲಿ ರಾಣಿದು. ನಿಮ್ಮ ಸೊಸಿದಲ್ಲ. ಆಕಿ ಓ ಅನ್ನದ ಇದ್ರ ನಿಮ್ಮ ಮ್ಯಾಲೆ ಸಿಟ್ಟಲ್ಲ, ಆಕಿ ಇದರಾಗ ಇಲ್ರಿ."

ಹೇಳಿ ಮುಗಿಸಿ ಬಿಲ್ಲೆಯನ್ನು ಜಗಲಿಯ ಮೇಲಿಟ್ಟಳು. ಮದುವೆ ಇಲ್ಲಿಗೆ ಮುಗಿಯಿತು ಎಂದುಕೊಂಡಳು. ಅಳು ಒತ್ತಿಕೊಂಡು ಬಂತು, ತಡೆದಳು. ಚನಬಸಪ್ಪನ ಕಡೆ ನೋಡುವ ಧೈರ್ಯವಾಗಲಿಲ್ಲ.

ನೋಡದಿದ್ದರೂ ಅವನು ಬಂದು ಪಕ್ಕದಲ್ಲಿ ಕುಳಿತದ್ದು ಗೊತ್ತಾಯಿತು. ಬಾಸಿಂಗ ಕಟ್ಟಿದ ತಲೆಯನ್ನು ತಾಯಿಯ ಕಾಲ ಮೇಲಿಟ್ಟು ಎಲ್ಲವನ್ನೂ ಒಪ್ಪಿಕೊಂಡ. ಕೊಂಡದ್ದು, ಕಾಯ್ದೆಯ ನೆವ ಹೇಳಿದ್ದು, ಶಂಕ್ರೆವ್ವ ಬೇಡ ಅಂದದ್ದು.

ಗುರುಸಿದ್ದವ್ವ ಅವನ ತಲೆಯನ್ನು ದೂಡಿದಳು. "ಸುಳ್ಳ. ಆಕಿ ಹಂಗ ಅಂದಿರಾಕಿಲ್ಲ."

"ಖರೇನ ಅವ್ವಾ."

"ಖರೆ ಇದ್ರ ಆಕಿ ಹೆಂಗ ಅಂದ್ಲೋ ಹಂಗ ಅನ್ನು. ಒಂದ ಮಾತ ಆಚೆ ಈಚೆ ಆಗಬಾರದು. ನನ್ನ ಶಂಕ್ರಿ ನಾಲಿಗಿ ನನಗ ಗೊತ್ತೈತಿ."

 ಹೊರಗೆ ವಾದ್ಯದವರು ಯಾಕೋ ನಿಲ್ಲಿಸಿದ್ದರು. ಚನಬಸಪ್ಪ ತಲೆ ತಗ್ಗಿಸಿ, ನಿಧಾನವಾಗಿ ಹೇಳಿದ.

"'ಮತ್ತೊಂದ ಮದಿವಿ ಮಾಡ್ಕೋರಿ, ನಿಮಗ ಚಾ ಮಾಡ್ಕೊಳ್ಳಾಕೂ ಬರೂದಿಲ್ಲ. ಆದ್ರ ನನ್ನ ಆಕಿ ಕೊಳ್ಳಾಗ ಜೋತ ಹಾಕಬ್ಯಾಡ್ರಿ. ನಾ ಏನ ಆಕಳ ಕೊಳ್ಳಾಗಿನ ಗಂಟಿ ಏನು, ಆಕಿ ಹೋದಲ್ಲೆಲ್ಲಾ ಢಣ್ ಢಣ್ ಅನ್ನಾಕ? ಬಿಟ್ಟಬಿಡ್ರಿ ನನ್ನ' ಅಂದ್ಲು. ಆಮ್ಯಾಲೆ ಮಾತಾಡಲಿಲ್ಲ."

ಗುರುಸಿದ್ದವ್ವನ ಗಂಟಲಿನಿಂದ ಏನೋ ಹೊರಟಿತು. ನಗುವೋ ಅಳುವೋ ಮೊದಲು ಗೊತ್ತಾಗಲಿಲ್ಲ. ಎರಡೂ ಆಗಿತ್ತು.

"ಆಕಿನ! ಆಕಿದ ಮಾತ! ಗಂಟಿ ಅಂದ್ಲಾ? ಸಾಯೂ ಮುಂದೂ ಬಾಯಿ ಜೋರ ಬಿಡಲಿಲ್ಲ ನೋಡು ನನ್ನ ಬಂಗಾರಿ!" ಮುದುಕಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತಳು. ಅಳುತ್ತಲೇ ಹೇಳಿದಳು. "ಆಕಿ ಸತ್ತಾಗಿಂದ ಇವತ್ತ ಆಕಿ ದನಿ ಕೇಳಿದೆ."

ಅಡಿವೆಯ್ಯನವರು ಗಂಟಲು ಸರಿಮಾಡಿಕೊಂಡರು. "ಮತ್ತ ಮದಿವಿ? ಟಾಕ ಇಲ್ಲದ ನಿಮ್ಮ ಮನ್ಯಾಗ..."

"ಏನ್ರಿ ಅಯ್ನಾರ, ಕಿವಿ ಕೇಳಸೂದಿಲ್ಲೇನು?" ಗುರುಸಿದ್ದವ್ವ ಮುಖ ಒರೆಸಿಕೊಂಡು ಗದರಿದಳು. "ಮಾಡ್ಕೋರಿ ಅಂದಾಳಲ್ಲ. ಆಕಿ ಬಾಯಿಲೆ ಒಪ್ಪಿಗಿ ಆತು. ಅಕ್ಕಿಕಾಳ ಹಂಚ್ರಿ!"

ನೀಲಕ್ಕ ತಡೆದಿದ್ದ ಅಳು ಆಗ ಒಡೆಯಿತು. ಗುರುಸಿದ್ದವ್ವ ಅವಳ ಗದ್ದ ಹಿಡಿದೆತ್ತಿದಳು. "ನೀ ಯಾಕ ಅಳತಿ? ಸುಳ್ಳ ಹೇಳಿ ತಾಳಿ ಕಟ್ಟಿಸ್ಕೋಬಹುದಿತ್ತು, ಬಿಟ್ಟಿ. ಹುಚ್ಚಿ." ಜಗಲಿಯ ಮೇಲಿನ ಬಿಲ್ಲೆಯನ್ನು ನೋಡಿದಳು. "ಮತ್ತ ಈಕಿ ಯಾರಂದಿ?"

"ಫೌಸ್ಟಿನಾ ಅಂತ ಹೆಸರ್ರಿ. ಆಕಿ ಸತ್ತ ಮ್ಯಾಲೆ ಗಂಡ, ಅಂವ ದೊಡ್ಡ ರಾಜಾ, ಆಕಿನ್ನ ಯಾರೂ ಮರೀಬಾರದಂತ ನಾಣ್ಯದ ಮ್ಯಾಲೆ ಆಕಿ ಮಾರಿ ಹಾಕಿಸ್ದ. ಡಿವಾ, ಅಂದ್ರ ಆಕಿ ದೇವರಾದ್ಲು ಅಂತ ಬರಸ್ದ."

"ಹೌದಾ! ಮತ್ತೊಂದ ಮದಿವಿ ಆದ್ನೇನು?"

"ಇಲ್ರಿ."

ಗುರುಸಿದ್ದವ್ವ ಮಗನ ಬಾಸಿಂಗದ ಕಡೆ ಓರೆಗಣ್ಣಿನಲ್ಲಿ ನೋಡಿದಳು. ನಾಗಲಿಂಗಪ್ಪನಿಗೂ ನಗು ತಡೆಯಲಾಗಲಿಲ್ಲ.

"ಇರ್ಲಿ" ಎಂದಳು ಮುದುಕಿ. ಬಿಲ್ಲೆಯನ್ನು ಎತ್ತಿ ಲಿಂಗದ ಪಕ್ಕ ಸರಿಯಾಗಿ ಕೂರಿಸಿದಳು. "ಯಾರ ಮಗಳೋ ಏನೋ, ಇಷ್ಟ ದಿನ ನನ್ನ ಕೈಯಾಗ ತುಪ್ಪಾ ಬೆಲ್ಲಾ ಉಂಡಾಳ. ಈಗ ಹೊರಗ ಹಾಕಾಕ ಆಗತೈತೇನು? ಪೌಸ್ತವ್ವ ಇಲ್ಲೇ ಇರ್ಲಿ."

ಮಾರನೆಯ ದಿನ ಮಧ್ಯಾಹ್ನ ಗಂಡ ಹೆಂಡತಿ ದಾಂಡೇಲಿಯ ಬಸ್ಸು ಹತ್ತಿದರು. ಕಿಟಕಿಯ ಪಕ್ಕ ನೀಲಕ್ಕ, ಅವಳ ಕೊರಳಲ್ಲಿ ತಾಳಿ ಒಂದೇ. ಚನಬಸಪ್ಪ ಕದ್ದು ಕದ್ದು ನೋಡುತ್ತಿದ್ದ. ಅವಳು ತಿರುಗಿದರೆ ಡ್ರೈವರನ ಬೆನ್ನು ನೋಡುತ್ತಿದ್ದ.

"ನೋಡ್ರಿ, ನೋಡ್ರಿ" ಎಂದಳು. "ನೋಡಬಾರದಂತ ಈಗೇನ ಕಾಯ್ದೆ ಇಲ್ಲ."

ಅವನ ಕಿವಿ ಕೆಂಪಾಯಿತು. "ನೀ ಶಂ ಅಂತ ನಿಂತೆಲ್ಲ, ನನ್ನ ಜೀವಾ ಹೋಗಿತ್ತು."

"ನಂದೂ ಹೋಗಿತ್ತು." ಅವಳು ಅವನ ಕಡೆ ತಿರುಗಿ ಕುಳಿತಳು. "ಒಂದ ಮಾತ ಹೇಳತೇನಿ, ಸಿಟ್ಟಾಗಬ್ಯಾಡ್ರಿ. ನನಗ ಆಕಿ ಮ್ಯಾಲೆ ಹೊಟ್ಟಿಕಿಚ್ಚ ಇತ್ತು. ನೀವು ಜೀವನ ಪೂರ್ತಿ ನನ್ನ ಕೊಳ್ಳಾಗ ಆಕಿನ್ನ ನೋಡ್ಕೋತ ಇರ್ತೀರಿ, ನಾ ಬರೀ ಒಂದ ಕೊಳ್ಳ ಆಗಿ ಉಳೀತೇನಿ ಅಂತ ಅಂಜಿದ್ದೆ."

"ನೀಲಾ..."

"ಈಗಿಲ್ಲ. ನಿನ್ನೆ ನೀವು ಆಕಿ ಮಾತ ಹೇಳಿದ್ರೆಲ್ಲ, ಅವಾಗ ಹೋತು. ಎಷ್ಟ ಚೊಲೋ ಇದ್ದಿರಬೇಕ್ರಿ ಆಕಿ! ಇದ್ದಿದ್ರ ನಾವಿಬ್ಬರೂ ಗೆಳತ್ಯಾರ ಆಗತಿದ್ದಿವಿ." ಅವಳು ಸೆರಗಿನ ಮರೆಯಲ್ಲಿ ಅವನ ಕೈ ಹಿಡಿದುಕೊಂಡಳು. "ಶಂಕ್ರೆವ್ವಕ್ಕ ಹೆಂಗಿದ್ಲು, ಹೇಳ್ರಿ. ನಾ ಆಕಿ ಮಾರೀನೂ ನೋಡಿಲ್ಲ."

 ಸತ್ತವಳ ಬಗ್ಗೆ ಅವನನ್ನು ಯಾರೂ ಹೀಗೆ ಕೇಳಿರಲಿಲ್ಲ. ತಾಯಿಯ ಹೊರತು ಎಲ್ಲರೂ ಮರೆ ಎಂದವರೇ.

"ಬಾಳ ಜೋರ ನಗತಿದ್ಲು" ಎಂದ. ಹೇಳಿ, ಹೆಂಡತಿಯ ಮುಖ ನೋಡಿ ನಿಲ್ಲಿಸಿದ.

"ಹೇಳ್ರಿ" ಎಂದಳು ನೀಲಕ್ಕ. "ನಿಲ್ಲಸಬ್ಯಾಡ್ರಿ."

ಅವನು ಹೇಳತೊಡಗಿದ. ಅವಳು ಅವನ ಕೈ ಬಿಡದೆ ದಾಂಡೇಲಿ ಬರುವ ತನಕ ಕೇಳಿದಳು.